ಇಳಿಸುವ ಮದ್ದು: ಅಂಗಾಂಗ ಕಸಿಯ ಅರಿವಳಿಕೆಯಲ್ಲಿ ಸ್ನಾಯುಬಲ ಮರಳಿಸಿದ ಚರಿತ್ರೆ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಸೀಮೆಯಲ್ಲಿ ಹಾವು ಕಡಿದವರನ್ನು ಆಸ್ಪತ್ರೆಗೆ ತಂದಾಗ ವಾರ್ಡಿನ ಬಾಗಿಲಲ್ಲಿ ನಿಂತ ಮನೆಯವರು ಕೇಳುವುದು ಎರಡೇ ಮಾತು: 'ವಿಷ ಏರೈತಾ?' 'ಇಳೀತಾ?' ನಾಗರಹಾವಿನ ವಿಷ ಏರಿದರೆ ಮೊದಲು ರೆಪ್ಪೆ ಜೋತುಬೀಳುತ್ತದೆ. ಮಾತು ತೊದಲುತ್ತದೆ, ಜೊಲ್ಲು ನುಂಗಲಾಗದೆ ಗಂಟಲಲ್ಲೇ ನಿಲ್ಲುತ್ತದೆ, ಕೊನೆಗೆ ಎದೆ ಏಳುವುದೇ ನಿಂತುಹೋಗುತ್ತದೆ. ಪ್ರತಿವಿಷ ಏರಿಸುತ್ತಲೇ ವೈದ್ಯರು ಅಟ್ರೋಪಿನ್, ನಿಯೋಸ್ಟಿಗ್ಮಿನ್ ಎಂಬ ಎರಡು ಚುಚ್ಚುಮದ್ದು ಕೊಟ್ಟು ರೋಗಿಯ ರೆಪ್ಪೆಯನ್ನೇ ನೋಡುತ್ತ ನಿಲ್ಲುತ್ತಾರೆ. ಒಂದೇ ಉಸಿರಿನಲ್ಲಿ 'ಒಂದು, ಎರಡು, ಮೂರು' ಎಂದು ಎಣಿಸಲು ಹೇಳುತ್ತಾರೆ. ಹತ್ತಕ್ಕೆ ನಿಲ್ಲುತ್ತಿದ್ದ ಎಣಿಕೆ ಅರ್ಧ ಗಂಟೆಯ ಮೇಲೆ ಇಪ್ಪತ್ತು ಮುಟ್ಟಿದರೆ ವಿಷ ಇಳಿಯುತ್ತಿದೆ ಎಂದರ್ಥ.

ಅದೇ ನಿಯೋಸ್ಟಿಗ್ಮಿನ್ ಆಂಪ್ಯೂಲು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕಿಡ್ನಿ ಕಸಿಯ ಆಪರೇಷನ್ ಥಿಯೇಟರಿನಲ್ಲಿಯೂ (ಓಟಿ) ಅರಿವಳಿಕೆ ತಜ್ಞರ ತಟ್ಟೆಯಲ್ಲಿ ಇರುತ್ತದೆ. ಅಲ್ಲಿ ಇಳಿಸಬೇಕಾದದ್ದು ಹಾವಿನ ವಿಷವಲ್ಲ. ಶಸ್ತ್ರಚಿಕಿತ್ಸೆಗೆಂದು ವೈದ್ಯರೇ ಕೊಟ್ಟ ಸ್ನಾಯು ಸಡಿಲಕದ ಪರಿಣಾಮ. ಓಟಿಯವರ ಮಾತಿನಲ್ಲಿ ಇದು 'ರಿವರ್ಸಲ್'. ಹೊಲಿಗೆ ಮುಗಿದು, ಅರಿವಳಿಕೆ ಅನಿಲ ನಿಂತು, ಗಂಟಲಿನ ಟ್ಯೂಬ್ ತೆಗೆಯುವ ಮುನ್ನ ರೋಗಿಯ ಎದೆ, ಗಂಟಲು, ನಾಲಿಗೆಗೆ ಬಲ ಮರಳಬೇಕು. ಮರಳದಿದ್ದರೆ ಹೊಸ ಅಂಗ ಎಷ್ಟು ಚೆನ್ನಾಗಿ ಕೂತಿದ್ದರೂ ರೋಗಿ ಉಸಿರಿಗಾಗಿ ಒದ್ದಾಡಬೇಕಾಗುತ್ತದೆ.

ಈ ಕೊನೆಯ ಹತ್ತು ಹದಿನೈದು ನಿಮಿಷಗಳ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಅದನ್ನು ಬಿಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸ್ನಾಯುಬಲ ಮರಳಿಸುವ ನಿರ್ಧಾರ ಆರಂಭದಲ್ಲಿ ಶಸ್ತ್ರಚಿಕಿತ್ಸೆಯ ಕೊನೆಗೆ ಸೇರಿದ್ದಾಗಿತ್ತು. ದಶಕದಿಂದ ದಶಕಕ್ಕೆ ಅದು ಹಿಂದೆ ಹಿಂದೆ ಸರಿದು ಮೊದಲ ಚುಚ್ಚುಮದ್ದಿನ ಆಯ್ಕೆಗೆ ಬಂತು, ಅಲ್ಲಿಂದ ರೋಗಿಯ ಮನೆತನದ ವಿವರ ಕೇಳುವ ಹೊತ್ತಿಗೂ ಬಂದು ನಿಂತಿತು. ಅಂಗಾಂಗ ಕಸಿಯೇ ಈ ಸರಿದಾಟಕ್ಕೆ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಬಾಣದ ತುದಿಯಿಂದ ಓಟಿಗೆ

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಕುರಾರೆ ಎಂಬ ಗಿಡದ ರಸವೇ ಸ್ನಾಯು ಸಡಿಲಕಗಳ ಮೂಲ. ಚಾರ್ಲ್ಸ್ ವಾಟರ್ಟನ್ ಎಂಬ ಇಂಗ್ಲಿಷ್ ಪ್ರವಾಸಿ ಅದನ್ನು ಗಯಾನಾದಿಂದ ತಂದರು. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಅದನ್ನು ಕೊಟ್ಟಾಗ ಉಸಿರಾಟ ನಿಂತಿತು. ಗಂಟಲು ಸೀಳಿ ತಿದಿಯಿಂದ ಗಾಳಿ ಊದುತ್ತ ಗಂಟೆಗಳ ಕಾಲ ಕಾದರು. ಕತ್ತೆ ಎದ್ದು ನಿಂತಿತು, ಆಮೇಲೆ ಇಪ್ಪತ್ತೈದು ವರ್ಷ ಬದುಕಿತು. ಕುರಾರೆ ತಾನಾಗಿ ಕೊಲ್ಲುವುದಿಲ್ಲ, ಉಸಿರನ್ನು ನಿಲ್ಲಿಸಿ ಕೊಲ್ಲುತ್ತದೆ. ಉಸಿರು ಕೊಡುತ್ತ ಕಾದರೆ ಅದು ತಾನೇ ಇಳಿಯುತ್ತದೆ ಎಂಬ ಮೊದಲ ಪಾಠ ಆ ಪ್ರಯೋಗದ್ದು.

ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು 19ನೇ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನರ ಸರಿಯಿರುತ್ತದೆ, ಸ್ನಾಯುವೂ ಸರಿಯಿರುತ್ತದೆ. ಎರಡೂ ಕೂಡುವ ಜಾಗದಲ್ಲಿ ಮಾತು ಮುರಿಯುತ್ತದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಗ್ರಾಹಕಗಳಿಗೆ ಅಂಟಿದಾಗಲೇ ಸ್ನಾಯು ಕುಗ್ಗುತ್ತದೆ ಎಂದು ಹೆನ್ರಿ ಡೇಲ್ ಮತ್ತು ಸಂಗಡಿಗರು 1936ರಲ್ಲಿ ಸಾಬೀತು ಮಾಡಿದರು. ಕುರಾರೆ ಆ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ. ನಾಗರಹಾವಿನ ವಿಷವೂ ಮಾಡುವುದು ಇದನ್ನೇ.

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಬಂದ ಇಪ್ಪತ್ತು ವರ್ಷದ ಯುವಕನಿಗೆ ಕುರಾರೆಯ ಶುದ್ಧ ರೂಪವನ್ನು ಕೊಟ್ಟರು. ಹೊಟ್ಟೆಯ ಸ್ನಾಯುಗಳು ಮೆತ್ತಗಾದವು. ಅಲ್ಲಿಯವರೆಗೆ ಹೊಟ್ಟೆ ಸಡಿಲಿಸಲು ಈಥರನ್ನು ಅಪಾಯದ ಅಂಚಿನವರೆಗೆ ಏರಿಸಬೇಕಿತ್ತು. ಇನ್ನು ಮುಂದೆ ಹಗುರ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಬೇರೆಯಾಗಿ ಸಡಿಲಿಸಬಹುದಾಯಿತು. ರಕ್ತನಾಳಕ್ಕೆ ರಕ್ತನಾಳ ಹೊಲಿಯುವ ಕಸಿ ಶಸ್ತ್ರಚಿಕಿತ್ಸೆಗೆ ಬೇಕಾದ ನಿಶ್ಚಲತೆ ಹೀಗೆ ಸಿಕ್ಕಿತು.

ಮದ್ದಿಗೆ ಮುನ್ನವೇ ಸಿಕ್ಕ ಪ್ರತಿಮದ್ದು

ವಿಚಿತ್ರವೆಂದರೆ, ಕುರಾರೆ ಓಟಿಗೆ ಬರುವ ನಾಲ್ಕು ದಶಕ ಮೊದಲೇ ಅದನ್ನು ಇಳಿಸುವ ಮದ್ದು ಗೊತ್ತಿತ್ತು. ಪಶ್ಚಿಮ ಆಫ್ರಿಕದ ಕಲಬಾರ್ ಪ್ರದೇಶದಲ್ಲಿ ಆರೋಪಿಗಳಿಗೆ ತಿನ್ನಿಸಿ ಸತ್ಯ ಪರೀಕ್ಷಿಸುತ್ತಿದ್ದ ಒಂದು ವಿಷದ ಕಾಳಿನಿಂದ 1864ರಲ್ಲಿ ಫೈಸೊಸ್ಟಿಗ್ಮಿನ್ ಬೇರ್ಪಟ್ಟಿತು. 1900ರಲ್ಲಿ ವಿಯೆನ್ನಾದ ಯಾಕೋಬ್ ಪಾಲ್, ಕುರಾರೆ ಕೊಟ್ಟ ಪ್ರಾಣಿಗೆ ಫೈಸೊಸ್ಟಿಗ್ಮಿನ್ ಕೊಟ್ಟಾಗ ಉಸಿರಾಟ ಮರಳುವುದನ್ನು ಕಂಡರು. ಅಸಿಟೈಲ್‌ಕೋಲಿನ್ ಅನ್ನು ಕ್ಷಣದಲ್ಲಿ ಒಡೆದುಹಾಕುವ ಒಂದು ಕಿಣ್ವ ದೇಹದಲ್ಲಿದೆ. ಕಲಬಾರ್ ಕಾಳಿನ ಸತ್ವ ಆ ಕಿಣ್ವವನ್ನು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚುತ್ತ ಹೋಗಿ, ಗ್ರಾಹಕದ ಮೇಲೆ ಕೂತ ಕುರಾರೆಯನ್ನು ತಳ್ಳಿ ತನ್ನ ಜಾಗ ಹಿಡಿಯುತ್ತದೆ.

1931ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ನಿಯೋಸ್ಟಿಗ್ಮಿನ್ ಇದೇ ಕುಟುಂಬದ್ದು. ರೆಪ್ಪೆ ಜೋಲುವ, ಸ್ನಾಯು ಸೋಲುವ ಮಯಸ್ತೀನಿಯಾ ಕಾಯಿಲೆ ಕುರಾರೆಯ ವಿಷದಂತೆಯೇ ಕಾಣುತ್ತದೆ ಎಂದು ಗುರುತಿಸಿದವರು ಲಂಡನ್ನಿನ ಗ್ರೀನಿಚ್ ಆಸ್ಪತ್ರೆಯೊಂದರ ವೈದ್ಯೆ ಮೇರಿ ವಾಕರ್. 1934ರಲ್ಲಿ ಅವರು ಫೈಸೊಸ್ಟಿಗ್ಮಿನ್, ಮರುವರ್ಷ ನಿಯೋಸ್ಟಿಗ್ಮಿನ್ ಕೊಟ್ಟು ರೋಗಿಯ ರೆಪ್ಪೆ ಮೇಲೇಳುವುದನ್ನು ತೋರಿಸಿದರು. ಇಂದು ಹಾವು ಕಡಿತದ ವಾರ್ಡಿನಲ್ಲಿ ವೈದ್ಯರು ರೆಪ್ಪೆ ನೋಡುವ ಪದ್ಧತಿಯೂ ಇದೇ ದಾರಿಯದು.

ಆದರೆ ನಿಯೋಸ್ಟಿಗ್ಮಿನ್ ಸ್ನಾಯುವಿನ ಬಳಿ ಮಾತ್ರ ಕೆಲಸ ಮಾಡಿ ಸುಮ್ಮನಿರುವುದಿಲ್ಲ. ಅಸಿಟೈಲ್‌ಕೋಲಿನ್ ಇರುವ ಕಡೆಯೆಲ್ಲ ಅದರ ಪ್ರಭಾವ ಇದೆ: ಹೃದಯದ ಬಡಿತ ಇಳಿಯುತ್ತದೆ, ಜೊಲ್ಲು, ಕಫ ಹೆಚ್ಚುತ್ತವೆ, ಕರುಳು ಹಿಂಡುತ್ತದೆ. ಆದ್ದರಿಂದ ಅಟ್ರೋಪಿನ್ ಅಥವಾ ಗ್ಲೈಕೊಪೈರೊಲೇಟ್ ಜೊತೆಗೇ ಕೊಡಬೇಕು. 1949ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ರಾಬರ್ಟ್ ಮ್ಯಾಕಿಂಟಾಷ್ ನಿಯೋಸ್ಟಿಗ್ಮಿನ್ ಚುಚ್ಚುಮದ್ದಿನ ಬಳಿಕ ಸಂಭವಿಸಿದ ಸಾವಿನ ಬಗ್ಗೆ ಬರೆದರು. ಇಳಿಸುವ ಮದ್ದಿಗೂ ತನ್ನದೇ ಅಪಾಯವಿದೆ ಎಂಬುದು ಹೀಗೆ ಬೇಗನೆ ತಿಳಿಯಿತು.

1954: ಒಂದೇ ಊರಿನ ಎರಡು ಸುದ್ದಿ

1954ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಎರಡು ಸುದ್ದಿಗಳು ಹೊರಟವು. ಮೊದಲನೆಯದು ಹೆನ್ರಿ ಬೀಚರ್ ಮತ್ತು ಡೊನಾಲ್ಡ್ ಟಾಡ್ ಅವರ ಅಧ್ಯಯನ. ಹತ್ತು ಆಸ್ಪತ್ರೆಗಳಲ್ಲಿ 1948ರಿಂದ 1952ರವರೆಗೆ ನಡೆದ 5,99,548 ಅರಿವಳಿಕೆಗಳನ್ನು ಲೆಕ್ಕ ಹಾಕಿ, ಸ್ನಾಯು ಸಡಿಲಕ ಕೊಟ್ಟವರಲ್ಲಿ ಅರಿವಳಿಕೆ ಸಂಬಂಧಿ ಸಾವು ಸುಮಾರು ಆರು ಪಟ್ಟು ಹೆಚ್ಚು ಎಂದು ಅವರು ಹೇಳಿದರು. ಅತ್ತ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸೆಸಿಲ್ ಗ್ರೇ ಮತ್ತು ಸಂಗಡಿಗರು ಧಾರಾಳವಾಗಿ ಕುರಾರೆ ಕೊಟ್ಟು, ಯಂತ್ರದಿಂದ ಉಸಿರು ಕೊಟ್ಟು, ಕೊನೆಯಲ್ಲಿ ನಿಯೋಸ್ಟಿಗ್ಮಿನ್‌ನಿಂದ ಇಳಿಸುವ ಪದ್ಧತಿ ಬೆಳೆಸಿದ್ದರು. ಬಾಸ್ಟನ್ನಿನ ಅಂಕಿಗಳ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ಸಡಿಲಕ ಕೊಟ್ಟವರು ಅದನ್ನು ಪೂರ್ತಿ ಇಳಿಸಿಯೇ ರೋಗಿಯನ್ನು ವಾರ್ಡಿಗೆ ಕಳಿಸಬೇಕು ಎಂಬ ತಿಳಿವಳಿಕೆ ಆ ವಾದದಿಂದ ಗಟ್ಟಿಯಾಯಿತು.

ಎರಡನೆಯ ಸುದ್ದಿ ಡಿಸೆಂಬರ್ 23ರದು. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ, ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿದರು. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ಅರಿವಳಿಕೆಯ ಹೊಣೆ ಹೊತ್ತ ಲೆರಾಯ್ ವ್ಯಾಂಡಮ್ ಆರಿಸಿಕೊಂಡದ್ದು ಬೆನ್ನಿಗೆ ಕೊಡುವ ಸ್ಪೈನಲ್ ವಿಧಾನವನ್ನು. ಮೂತ್ರಪಿಂಡ ಸತ್ತ ರೋಗಿಯ ದೇಹದಲ್ಲಿ ಯಾವ ಮದ್ದು ಎಷ್ಟು ಹೊತ್ತು ಉಳಿಯುತ್ತದೋ ಹೇಳಲಾಗದ ಕಾಲದಲ್ಲಿ ಅದು ವಿವೇಕದ ಆಯ್ಕೆಯಾಗಿತ್ತು.

ಆ ತೊಡಕು ಮುಂದೆ ಬಯಲಾಯಿತು. 1940ರ ದಶಕದ ಕೊನೆಗೆ ಬಂದ ಗ್ಯಾಲಮಿನ್ ಎಂಬ ಸಡಿಲಕ ಬಹುಪಾಲು ಮೂತ್ರದಲ್ಲೇ ಹೊರಹೋಗುವಂಥದು. ಕಿಡ್ನಿ ಕೆಟ್ಟವರಲ್ಲಿ ಅದು ಇಳಿಯುವ ದಾರಿಯೇ ಇರಲಿಲ್ಲ. 1960ರ ದಶಕದ ಪ್ಯಾಂಕ್ಯುರೋನಿಯಂ ಕೂಡ ಹೆಚ್ಚಾಗಿ ಮೂತ್ರಪಿಂಡವನ್ನೇ ನೆಚ್ಚಿತ್ತು. ನಿಯೋಸ್ಟಿಗ್ಮಿನ್ ಕೊಟ್ಟಾಗ ರೋಗಿ ಎಚ್ಚೆತ್ತು ಉಸಿರಾಡಿ, ವಾರ್ಡಿಗೆ ಹೋದ ಮೇಲೆ ಮತ್ತೆ ಸೋತುಹೋದ ಪ್ರಕರಣಗಳು ವರದಿಯಾದವು. ಇದನ್ನು ಮರು-ಕುರಾರೀಕರಣ ಎಂದು ಕರೆದರು. 1976ರಲ್ಲಿ ರೊನಾಲ್ಡ್ ಮಿಲ್ಲರ್ ಮತ್ತು ಡೇವಿಡ್ ಕಲೆನ್ ಈ ಪ್ರಶ್ನೆಯನ್ನೇ ಮುಂದಿಟ್ಟು ಬರೆದರು. ಮೂರು ವರ್ಷದ ಬಳಿಕ, ನಿಯೋಸ್ಟಿಗ್ಮಿನ್‌ನ ಸುಮಾರು ಅರ್ಧ ಭಾಗವನ್ನು ಹೊರಹಾಕುವುದೂ ಮೂತ್ರಪಿಂಡವೇ ಎಂದು ತಿಳಿಯಿತು. ಅಂದರೆ ಕಿಡ್ನಿ ಇಲ್ಲದವರಲ್ಲಿ ಪ್ರತಿಮದ್ದು ಕೂಡ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾದರೆ ರೋಗಿ ಮತ್ತೆ ಸೋಲುವುದಕ್ಕೆ ಮಿಕ್ಕಿದ ಸಡಿಲಕ ಎಷ್ಟು ಕಾರಣ, ದೇಹದ ಆಮ್ಲತೆ ಅಥವಾ ಜೊತೆಗೆ ಕೊಟ್ಟ ಆಂಟಿಬಯಾಟಿಕ್ ಎಷ್ಟು ಕಾರಣ ಎಂದು ಹುಡುಕುವ ಕೆಲಸ ಶುರುವಾಯಿತು.

ಭಾರತದಲ್ಲಿ ಮೂತ್ರಪಿಂಡ ಕಸಿಯ ಮೊದಲ ಪ್ರಯತ್ನ 1965ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಡೆಯಿತು. ಮೊದಲ ಯಶಸ್ಸು 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿತು. ಆ ತಲೆಮಾರಿನ ಅರಿವಳಿಕೆ ತಜ್ಞರ ಕೈಯಲ್ಲಿದ್ದ ದೀರ್ಘ ಪರಿಣಾಮದ ಸಡಿಲಕಗಳೆಲ್ಲ ಕೆಟ್ಟ ಅಂಗವನ್ನೇ ಅಲ್ಪಸ್ವಲ್ಪವಾದರೂ ನೆಚ್ಚಿದಂಥವು.

ತಾನೇ ಕರಗುವ ಮದ್ದು

ಈ ಕಗ್ಗಂಟಿಗೆ ಉತ್ತರ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಸ್ಟೆನ್‌ಲೇಕ್ ಒಂದು ಗಿಡದಿಂದ ತೆಗೆದ ಪೆಟಲಿನ್ ಎಂಬ ವಸ್ತು ತಾನಾಗಿ ಒಡೆದುಹೋಗುವುದನ್ನು ಗಮನಿಸಿದ್ದರು. ಆಗಸ್ಟ್ ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1851ರಲ್ಲೇ ವಿವರಿಸಿದ ಕ್ರಿಯೆ ಅದು. ಶೀಶೆಯಲ್ಲಿ, ಫ್ರಿಜ್ಜಿನ ತಂಪಿನಲ್ಲಿ ಒಡೆಯದೆ ಉಳಿದು, ಮೈಯ 37 ಡಿಗ್ರಿ ಬಿಸಿ ಮತ್ತು ರಕ್ತದ ಸಹಜ ಕ್ಷಾರತೆ ಸಿಕ್ಕ ಕೂಡಲೇ ಒಡೆಯತೊಡಗುವ ಸಡಿಲಕವನ್ನು ಏಕೆ ಕಟ್ಟಬಾರದು ಎಂದು ಅವರು ಯೋಚಿಸಿದರು. ಹೀಗೆ ಅಟ್ರಾಕ್ಯುರಿಯಂ ಹುಟ್ಟಿತು. 1980ರ ದಶಕದ ಆರಂಭದಲ್ಲಿ ಓಟಿಗಳಿಗೆ ಬಂತು. ಅದಕ್ಕೆ ಹೊರಹೋಗಲು ಮೂತ್ರಪಿಂಡ ಬೇಡ, ಯಕೃತ್ತು ಬೇಡ. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. 1990ರ ದಶಕದಲ್ಲಿ ಬಂದ ಅದರ ಶುದ್ಧ ರೂಪ ಸಿಸ್-ಅಟ್ರಾಕ್ಯುರಿಯಂ ಇನ್ನಷ್ಟು ಹಿತ.

ಕಿಡ್ನಿ ಕಸಿಯ ಅರಿವಳಿಕೆಯಲ್ಲಿ ಇದೊಂದು ದೊಡ್ಡ ತಿರುವು. ಇಳಿಸುವ ಯೋಚನೆ ಕೊನೆಯ ಚುಚ್ಚುಮದ್ದಿನಿಂದ ಮೊದಲ ಚುಚ್ಚುಮದ್ದಿಗೆ ಸರಿದದ್ದು ಇಲ್ಲಿ. ಹಳೆಯ ಸಡಿಲಕಗಳನ್ನು ದೇಹದ ಯಾವುದಾದರೊಂದು ಅಂಗ ತೊಳೆದುಹಾಕಬೇಕಿತ್ತು. ಇದು ಇಳಿಯುವ ದಾರಿಯನ್ನು ತನ್ನೊಳಗೇ ಹೊತ್ತು ಬಂದಿತು.

ಹೆಬ್ಬೆರಳಿನ ನಾಲ್ಕು ಮಿಡಿತ

ಮದ್ದು ಇಳಿದಿದೆ ಎಂದು ತಿಳಿಯುವುದು ಹೇಗೆ? ಬಹುಕಾಲ ವೈದ್ಯರು ರೋಗಿಗೆ 'ತಲೆ ಎತ್ತಿ' ಎನ್ನುತ್ತಿದ್ದರು. ಐದು ಸೆಕೆಂಡು ತಲೆ ಎತ್ತಿ ಹಿಡಿದರೆ, ಕೈ ಬಿಗಿಯಾಗಿ ಹಿಡಿದರೆ, ನಾಲಿಗೆ ಚಾಚಿದರೆ ಸಾಕು ಎಂದುಕೊಳ್ಳುತ್ತಿದ್ದರು. 1970ರಲ್ಲಿ ಹಸನ್ ಅಲಿ, ಜಾನ್ ಅಟಿಂಗ್ ಮತ್ತು ಸೆಸಿಲ್ ಗ್ರೇ ಬೇರೊಂದು ದಾರಿ ತೋರಿಸಿದರು. ಮಣಿಕಟ್ಟಿನ ಒಳಬದಿಯ ನರದ ಮೇಲೆ ಎರಡು ಎಲೆಕ್ಟ್ರೋಡ್ ಅಂಟಿಸಿ, ಎರಡು ಸೆಕೆಂಡಿನಲ್ಲಿ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಹೆಬ್ಬೆರಳು ನಾಲ್ಕು ಸಲ ಒಳಕ್ಕೆ ಮಡಚುತ್ತದೆ. ಸಡಿಲಕ ಮಿಕ್ಕಿದ್ದರೆ ಮೊದಲನೆಯ ಮಿಡಿತ ಜೋರು, ನಾಲ್ಕನೆಯದು ಮೆಲ್ಲಗೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅಳತೆ.

1970ರ ದಶಕದಲ್ಲಿ 0.7 ಸಾಕು ಎಂದುಕೊಂಡಿದ್ದರು. ಆದರೆ ಎಚ್ಚರವಿದ್ದ ಆರೋಗ್ಯವಂತ ಸ್ವಯಂಸೇವಕರಿಗೆ ಸ್ವಲ್ಪವೇ ಸಡಿಲಕ ಕೊಟ್ಟು ನೋಡಿದ 1990ರ ದಶಕದ ಅಧ್ಯಯನಗಳು, 0.9ಕ್ಕಿಂತ ಕೆಳಗೆ ಗಂಟಲಿನ ಸ್ನಾಯುಗಳು ಸರಿಯಾಗಿ ನುಂಗುವುದಿಲ್ಲ, ಎಂಜಲು ಶ್ವಾಸನಾಳಕ್ಕೆ ಜಾರಬಹುದು ಎಂದು ತೋರಿಸಿದವು. ಬೆರಳಿನಿಂದ ಮುಟ್ಟಿ ನೋಡುವವರ ಕೈಗೆ 0.4 ದಾಟಿದ ಮೇಲೆ ವ್ಯತ್ಯಾಸವೇ ತಿಳಿಯುವುದಿಲ್ಲ ಎಂಬುದೂ ಗೊತ್ತಾಯಿತು. 0.4ಕ್ಕೂ 0.9ಕ್ಕೂ ನಡುವಿನ ಈ ಕತ್ತಲ ಜಾಗದಲ್ಲೇ ಅಪಾಯ ಅಡಗಿದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವ ಕಸಿ ರೋಗಿಗೆ ಶ್ವಾಸಕೋಶದ ಸೋಂಕು ಎಷ್ಟು ದುಬಾರಿ ಎಂದು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ಟ್ಯೂಬ್ ತೆಗೆಯುವ ಮುನ್ನ ಯಂತ್ರದಿಂದ ಅಳೆದು 0.9 ಖಚಿತಪಡಿಸಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿತು.

ಸಕ್ಕರೆಯ ಬಳೆ

ನಿಯೋಸ್ಟಿಗ್ಮಿನ್‌ಗೆ ಒಂದು ಮಿತಿಯಿದೆ. ಕಿಣ್ವವನ್ನು ಪೂರ್ತಿ ತಡೆದ ಮೇಲೆ ಎಷ್ಟು ಕೊಟ್ಟರೂ ಹೆಚ್ಚಿನ ಲಾಭವಿಲ್ಲ; ಆಳವಾದ ಸಡಿಲಿಕೆಯನ್ನು ಅದು ಇಳಿಸಲಾರದು. ಸ್ಕಾಟ್ಲೆಂಡಿನ ಆರ್ಗನಾನ್ ಕಂಪನಿಯಲ್ಲಿ ಆಂಟನ್ ಬೋಮ್ ಎಂಬ ವಿಜ್ಞಾನಿ ಬೇರೆ ದಿಕ್ಕಿನಿಂದ ನೋಡಿದರು. ಗ್ರಾಹಕದ ಬಳಿ ಪೈಪೋಟಿ ಏರ್ಪಡಿಸುವ ಬದಲು ರಕ್ತದಲ್ಲಿರುವ ಸಡಿಲಕವನ್ನೇ ಹಿಡಿದಿಟ್ಟರೆ? ಎಂಟು ಗ್ಲೂಕೋಸ್ ಕಣಗಳು ಬಳೆಯಂತೆ ಕೂಡಿದ ಗಾಮಾ ಸೈಕ್ಲೋಡೆಕ್ಸ್‌ಟ್ರಿನ್ ಅನ್ನು ತಿದ್ದಿ ಮಾಡಿದ ಸುಗಾಮಾಡೆಕ್ಸ್, ರೋಕ್ಯುರೋನಿಯಂ ಎಂಬ ಸಡಿಲಕದ ಕಣವನ್ನು ಬಳೆಯೊಳಗೆ ಎಳೆದುಕೊಂಡು ಸುಲಭಕ್ಕೆ ಬಿಡುವುದಿಲ್ಲ. 2005ರಲ್ಲಿ ಮೊದಲ ಮಾನವ ಪ್ರಯೋಗದ ವರದಿ ಬಂತು. 2008ರಲ್ಲಿ ಯುರೋಪು, 2015ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟವು. ಅಲರ್ಜಿಯ ಆತಂಕವೇ ಅಮೆರಿಕದ ತಡಕ್ಕೆ ಮುಖ್ಯ ಕಾರಣ. ಆಳವಾದ ಸಡಿಲಿಕೆ ನಿಮಿಷಗಳಲ್ಲಿ ಇಳಿಯುವುದನ್ನು ಅರಿವಳಿಕೆ ತಜ್ಞರು ಮೊದಲ ಬಾರಿಗೆ ಕಂಡರು.

ಕಿಡ್ನಿ ಕಸಿಯ ಓಟಿಗೆ ಬಂದಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ರೋಕ್ಯುರೋನಿಯಂ ಹಿಡಿದ ಬಳೆಯನ್ನು ಹೊರಹಾಕಬೇಕಾದದ್ದು ಮೂತ್ರಪಿಂಡವೇ! ಹೊಸ ಕಿಡ್ನಿ ತಕ್ಷಣ ಕೆಲಸ ಮಾಡಿದರೆ ಸರಿ. ಮಾಡದಿದ್ದರೆ ಆ ಬಳೆ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತದೆ. ಕ್ರಿಯಾಟಿನಿನ್ ಶುದ್ಧೀಕರಣ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆ ಇರುವವರಲ್ಲಿ ಬಳಸುವುದನ್ನು ತಯಾರಕರ ಸೂಚನೆ ಶಿಫಾರಸು ಮಾಡುವುದಿಲ್ಲ. ಹಿಡಿದದ್ದನ್ನು ಬಳೆ ಮತ್ತೆ ಬಿಟ್ಟುಕೊಡುವುದು ತೀರ ವಿರಳ, ಹೈ-ಫ್ಲಕ್ಸ್ ಡಯಾಲಿಸಿಸ್‌ನಲ್ಲಿ ಅದನ್ನು ತೆಗೆಯಬಹುದು ಎಂದು ಅಧ್ಯಯನಗಳು ತೋರಿಸಿದ ಮೇಲೆ ಎಷ್ಟೋ ಕಡೆ ತಜ್ಞರು ರೋಗಿಯ ಲಾಭ-ನಷ್ಟ ತೂಗಿ ಅದನ್ನು ಬಳಸುತ್ತಿದ್ದಾರೆ. ಇನ್ನೊಂದು ಸೂಕ್ಷ್ಮವೂ ಇದೆ: ಸುಗಾಮಾಡೆಕ್ಸ್ ಅಟ್ರಾಕ್ಯುರಿಯಂ ಅನ್ನು ಹಿಡಿಯುವುದಿಲ್ಲ. ಮೊದಲ ಚುಚ್ಚುಮದ್ದು ಅಟ್ರಾಕ್ಯುರಿಯಂ ಆದರೆ ಕೊನೆಯದು ನಿಯೋಸ್ಟಿಗ್ಮಿನ್, ಮೊದಲನೆಯದು ರೋಕ್ಯುರೋನಿಯಂ ಆದರೆ ಸುಗಾಮಾಡೆಕ್ಸ್‌ಗೆ ಅವಕಾಶ.

ಯಕೃತ್ತು, ಹೃದಯ

ಯಕೃತ್ತಿನ ಕಸಿಯಲ್ಲಿ ಲೆಕ್ಕ ತಿರುವುಮುರುವು. ವೆಕ್ಯುರೋನಿಯಂ, ರೋಕ್ಯುರೋನಿಯಂ ಎಂಬ ಸಡಿಲಕಗಳು ಹೆಚ್ಚಾಗಿ ಪಿತ್ತದ ದಾರಿಯಲ್ಲಿ ಹೊರಹೋಗುವಂಥವು. ಹಳೆಯ ಯಕೃತ್ತು ತೆಗೆದು ಹೊಸದು ಕೂರಿಸುವ ನಡುವಿನ ಹೊತ್ತಿನಲ್ಲಿ ಅವು ತೀರ ನಿಧಾನವಾಗಿ ಇಳಿಯುತ್ತವೆ. ಹೊಸ ಯಕೃತ್ತಿಗೆ ರಕ್ತ ಹರಿದ ಮೇಲೆ ಮದ್ದು ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಆ ಅಂಗ ಎಚ್ಚೆತ್ತಿದೆಯೇ ಎಂಬುದರ ಒಂದು ಸುಳಿವು ಎಂದು 1990ರ ದಶಕದ ಅಧ್ಯಯನಗಳು ಗುರುತಿಸಿದವು. ಹೆಬ್ಬೆರಳಿನ ಮಿಡಿತ ಹೊಸ ಯಕೃತ್ತಿನ ಸುದ್ದಿಯನ್ನೂ ಹೇಳಬಲ್ಲದು.

ಹೃದಯ ಕಸಿಯಾದವರಲ್ಲಿ ತೊಡಕು ಬೇರೆ. ಕಸಿಯ ವೇಳೆ ಹೃದಯದ ನರಗಳು ಕಡಿದುಹೋಗುತ್ತವೆ. ಅಟ್ರೋಪಿನ್ ಅಲ್ಲಿ ಬಡಿತ ಏರಿಸಲು ಅಸಮರ್ಥ. ಹಾಗಿದ್ದರೂ ನಿಯೋಸ್ಟಿಗ್ಮಿನ್ ಕೊಟ್ಟಾಗ ಇಂಥ ಹೃದಯ ನಿಧಾನವಾದ, ನಿಂತೂಹೋದ ವರದಿಗಳಿವೆ. ಆದ್ದರಿಂದಲೇ ಹೃದಯ ಕಸಿಯಾದವರಿಗೆ ವರ್ಷಗಳ ಬಳಿಕ ಬೇರೆ ಶಸ್ತ್ರಚಿಕಿತ್ಸೆ ಬೇಕಾದರೆ ಸುಗಾಮಾಡೆಕ್ಸ್ ಕಡೆಗೆ ಒಲವು ಹೆಚ್ಚು.

ಆರ್ಯವೈಶ್ಯ ಮನೆತನಗಳ ಒಂದು ಕಿಣ್ವ

ಇಳಿಸುವ ಮದ್ದೇ ಇಲ್ಲದ ಒಂದು ಸಡಿಲಕವೂ ಇದೆ: ಸಕ್ಸಿನೈಲ್‌ಕೋಲಿನ್, ಓಟಿಯ ಮಾತಿನಲ್ಲಿ ಸ್ಕೋಲಿನ್. ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಐದು-ಹತ್ತು ನಿಮಿಷದಲ್ಲಿ ಒಡೆಯುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರಲ್ಲಿ ಗಂಟೆಗಟ್ಟಲೆ ಉಸಿರು ಮರಳುವುದಿಲ್ಲ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆಯ ಕಾರಣವಾದ ಜೀನ್ ಬದಲಾವಣೆಯನ್ನು ಗುರುತಿಸಿದರು. ಅವರು ಪರೀಕ್ಷಿಸಿದ ಗುಂಪಿನಲ್ಲಿ ಕೊರತೆ ಸುಮಾರು 24 ಜನರಲ್ಲಿ ಒಬ್ಬರಿಗೆ ಇತ್ತು. ಯುರೋಪಿನ ಜನರಿಗೆ ಹೋಲಿಸಿದರೆ ಇದು ಸಾವಿರಾರು ಪಟ್ಟು ಹೆಚ್ಚು. ಶತಮಾನಗಳ ಒಳಮದುವೆ ಇದಕ್ಕೆ ಹಿನ್ನೆಲೆ.

ಇದು ಕಾಯಿಲೆಯಲ್ಲ. ಇಂಥವರು ಜೀವನವಿಡೀ ಆರೋಗ್ಯವಾಗಿರುತ್ತಾರೆ. ಸ್ಕೋಲಿನ್ ಕೊಟ್ಟ ದಿನ ಮಾತ್ರ ಅದು ಹೊರಬೀಳುತ್ತದೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪೇಟೆಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡುತ್ತಿರುವ ಈ ಮನೆತನಗಳ ಹಿರಿಯರು 'ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದ ಮೇಲೆ ಬಹಳ ಹೊತ್ತು ಎಚ್ಚರ ಆಗಲಿಲ್ಲ' ಎಂದು ಹೇಳಿದರೆ ಆ ಒಂದು ವಾಕ್ಯ ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಬಾಳುವಂಥದು. ಇಳಿಸುವ ನಿರ್ಧಾರ ಓಟಿಗೆ ಬರುವ ಮುನ್ನವೇ, ಹೊರರೋಗಿ ವಿಭಾಗದ ಮೇಜಿನ ಮುಂದೆ ಆಗಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಕೀಟನಾಶಕ ಕುಡಿದು ಅಥವಾ ಹೊಲದಲ್ಲಿ ಸಿಂಪಡಿಸುವಾಗ ಒಳಗೆಳೆದುಕೊಂಡು ಬಂದವರಲ್ಲೂ ಇದೇ ಕಿಣ್ವ ಸೋತಿರುತ್ತದೆ. ಈ ಕಿಣ್ವವನ್ನು ಮಾಡುವ ಅಂಗ ಯಕೃತ್ತು. ಆದ್ದರಿಂದ ಯಕೃತ್ತಿನ ಕಸಿಯಾದವರಲ್ಲಿ ಅದು ದಾನಿಯದಾಗಿರುತ್ತದೆ.

ಹೊಲದ ಹಾವು, ಪ್ರಯೋಗಾಲಯದ ಗ್ರಾಹಕ

ಓಟಿಗೂ ಹೊಲಕ್ಕೂ ಇರುವ ನಂಟು ಎರಡೂ ಕಡೆಯಿಂದ ಬೆಳೆದದ್ದು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಕಟ್ಟುಹಾವಿನ ಜಾತಿಯೊಂದರ ವಿಷದಿಂದ ಬಂಗಾರೋಟಾಕ್ಸಿನ್‌ಗಳನ್ನು ಬೇರ್ಪಡಿಸಿದರು. ಅದರಲ್ಲಿ ಆಲ್ಫಾ ಎಂಬುದು ಗ್ರಾಹಕಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆಂದರೆ, ಅದನ್ನೇ ಗಾಳವಾಗಿಟ್ಟು ವಿಜ್ಞಾನಿಗಳು ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಮೊದಲ ಬಾರಿಗೆ ಹೊರತೆಗೆದರು. 1986ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಜಾರ್ಜ್ ವಾಟ್ ಮತ್ತು ಸಂಗಡಿಗರು, ನಿಯೋಸ್ಟಿಗ್ಮಿನ್‌ನ ಸಂಬಂಧಿಯಾದ ಎಡ್ರೋಫೋನಿಯಂ ನಾಗರಹಾವಿನ ಕಡಿತಕ್ಕೆ ನೆರವಾಗುತ್ತದೆ ಎಂದು ತೋರಿಸಿದರು. ಕಟ್ಟುಹಾವಿನ ಬೀಟಾ ವಿಷ ನರದ ತುದಿಯನ್ನೇ ಹಾಳು ಮಾಡುವುದರಿಂದ ಅಲ್ಲಿ ನಿಯೋಸ್ಟಿಗ್ಮಿನ್ ಸೋಲುತ್ತದೆ. ವೆಂಟಿಲೇಟರ್ ಹಾಕಿ ದಿನಗಟ್ಟಲೆ ಕಾಯಬೇಕು, ಇನ್ನೂರು ವರ್ಷದ ಹಿಂದೆ ಕತ್ತೆಗೆ ತಿದಿ ಊದುತ್ತ ಕಾದಂತೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸ್ಥಿತಿಯೆಂದು ಘೋಷಿಸಿತು. ರಾತ್ರಿ ಕರೆಂಟು ಬಂದಾಗ ಮೆಕ್ಕೆಜೋಳಕ್ಕೆ ನೀರು ಹಾಯಿಸಲು ಹೋಗುವ ರೈತರ ಸೀಮೆಗೆ ಇದು ಬರಿಯ ಕಾಗದದ ಸುದ್ದಿಯಲ್ಲ.

ಮಿದುಳು ನಿಷ್ಕ್ರಿಯವೆಂದು ಬರೆಯುವ ಮುನ್ನ

1954ರಲ್ಲಿ ಸಡಿಲಕಗಳ ಬಗ್ಗೆ ಎಚ್ಚರಿಸಿದ ಹೆನ್ರಿ ಬೀಚರ್ ಅವರೇ 1968ರಲ್ಲಿ ಹಾರ್ವರ್ಡ್ ಸಮಿತಿಯ ಅಧ್ಯಕ್ಷರಾಗಿ ಮಿದುಳು ಸಾವಿನ ವ್ಯಾಖ್ಯೆ ಕೊಟ್ಟರು. ಮೊದಲ ಕಿಡ್ನಿ ಕಸಿ ಮಾಡಿದ ಜೋಸೆಫ್ ಮರ್ರೆ ಆ ಸಮಿತಿಯ ಸದಸ್ಯರು. ಇಬ್ಬರ ದಾರಿಗಳು ಕೂಡಿದ ಆ ಜಾಗದಲ್ಲಿ ಸ್ನಾಯು ಸಡಿಲಕ ಮತ್ತೆ ಎದುರಾಗುತ್ತದೆ. ಸಡಿಲಕ ಮಿಕ್ಕಿರುವ ರೋಗಿ ಕದಲುವುದಿಲ್ಲ, ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ; ನೋಡುವವರಿಗೆ ಮಿದುಳು ಸತ್ತವನಂತೆಯೇ ಕಾಣಬಹುದು. ಆದ್ದರಿಂದ ಪರೀಕ್ಷೆಗೆ ಮುನ್ನ ಅದರ ಪರಿಣಾಮ ಪೂರ್ತಿ ಇಳಿದಿದೆ ಎಂದು ಖಚಿತಪಡಿಸಿಕೊಳ್ಳಲೇಬೇಕು. ಭಾರತದ 1994ರ ಅಂಗಾಂಗ ಕಸಿ ಕಾಯ್ದೆಯಡಿ ನಾಲ್ವರು ವೈದ್ಯರು, ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸುತ್ತಾರೆ.

ಕರ್ನಾಟಕದಲ್ಲಿ ಈ ದಾನಗಳನ್ನು ಸಂಘಟಿಸುವ ಸಂಸ್ಥೆಯ ಇಂದಿನ ಹೆಸರು ಜೀವಸಾರ್ಥಕತೆ. 2007ರಲ್ಲಿ ವಲಯ ಸಮನ್ವಯ ಸಮಿತಿಯಾಗಿ ಅದು ಆರಂಭವಾಯಿತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬ ದಾನ ಮಾಡಿದಾಗ ನಾಡಿನ ಮನೆಮನೆಯಲ್ಲಿ ಈ ಮಾತು ನಡೆಯಿತು. 'ನಿಜವಾಗಿಯೂ ಹೋಗಿಬಿಟ್ಟರಾ?' ಎಂಬ ಕುಟುಂಬದ ಪ್ರಶ್ನೆಗೆ ವೈದ್ಯರು ಅನುಮಾನವಿಲ್ಲದೆ ಉತ್ತರಿಸಲು ಹೆಬ್ಬೆರಳಿನ ಆ ನಾಲ್ಕು ಮಿಡಿತಗಳೂ ಆಧಾರವಾಗುತ್ತವೆ.

ಊರಿಗೆ ಮರಳಿದ ಮೇಲೆ

ಕಸಿಯಾದ ರೋಗಿ ಬೆಂಗಳೂರಿನಲ್ಲೇ ಉಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಹರಪನಹಳ್ಳಿಗೋ ಕೂಡ್ಲಿಗಿಗೋ ಮರಳುತ್ತಾನೆ, ಅಂಗಡಿಯಲ್ಲಿ ಕೂರುತ್ತಾನೆ, ಹೊಲ ನೋಡುತ್ತಾನೆ. ನಾಳೆ ಹರ್ನಿಯಾ ಆಪರೇಷನ್ನೋ ಮುರಿದ ಕಾಲಿನ ರಿಪೇರಿಯೋ ಬಂದರೆ ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ಅರಿವಳಿಕೆ ಕೊಡುವವರು ಬೇರೆ ವೈದ್ಯರು. ರೋಗನಿರೋಧಕ ಶಕ್ತಿ ತಗ್ಗಿಸಲು ಅವನು ಸೈಕ್ಲೊಸ್ಪೊರಿನ್ ನುಂಗುತ್ತಿದ್ದರೆ, ಅದು ಕೆಲವು ಸಡಿಲಕಗಳ ಪರಿಣಾಮವನ್ನು ಉದ್ದ ಮಾಡುತ್ತದೆ. ಕಿಡ್ನಿ ಹೊಸದಾದರೂ ಪೂರ್ಣ ಬಲದ್ದಾಗಿರಬೇಕೆಂದಿಲ್ಲ.

ಹಾಗಾಗಿ ಅವನ ಪ್ಲಾಸ್ಟಿಕ್ ಚೀಲದ ಫೈಲಿನಲ್ಲಿ ಡಿಸ್ಚಾರ್ಜ್ ಸಾರಾಂಶದ ಜೊತೆ ಒಂದು ಹಾಳೆ ಇರಬೇಕು: ಯಾವ ಸಡಿಲಕ ಕೊಟ್ಟರು, ಯಾವುದರಿಂದ ಇಳಿಸಿದರು, ಟ್ಯೂಬ್ ತೆಗೆಯುವಾಗ ಹೆಬ್ಬೆರಳಿನ ಅಳತೆ ಎಷ್ಟಿತ್ತು. ಆ ಹಾಳೆ ಓದಿದ ವೈದ್ಯರು ಮೊದಲ ಸಿರಿಂಜು ತುಂಬುವ ಮುನ್ನವೇ ಕೊನೆಯ ಸಿರಿಂಜಿನಲ್ಲಿ ಏನಿರಬೇಕೆಂದು ತೀರ್ಮಾನಿಸಿರುತ್ತಾರೆ. ಬಾಗಿಲಾಚೆ ಮನೆಯವರು ಕಾಯುತ್ತಿರುತ್ತಾರೆ. ಒಳಗೆ ಮಣಿಕಟ್ಟಿನ ಮೇಲಿನ ಎಲೆಕ್ಟ್ರೋಡ್ ಮಿಡಿಯುತ್ತದೆ, ಹೆಬ್ಬೆರಳು ನಾಲ್ಕು ಸಲ ಒಂದೇ ಬಲದಿಂದ ಮಡಚುತ್ತದೆ, ಅದಾದ ಮೇಲೆ ಟ್ಯೂಬ್ ಹೊರಬರುತ್ತದೆ.